ಬೂದೆಪ್ಪನ ನಲವತ್ತೊಂದು ಕುರಿ

ಬಳಗದಾಗ ಲಗ್ನ ಇರಲಿ, ಜವಳ ಇರಲಿ, ಊಟ ಮುಗಿದು ಎಲಿ-ಅಡಿಕಿ ತಾಟು ಬರೂದ್ರೊಳಗ ಬೂದೆಪ್ಪನ ಭಾಷಣ ಆಗಲೇಬೇಕು! ಮಾನ್ವಿಯ ಸರಕಾರಿ ಆಫೀಸಿನಾಗ ಕ್ಲಾರ್ಕ್, ರಾಯಚೂರಾಗ ಮನಿ. ಕುರಿ ಕಾಯೋ ಮನೆತನದಾಗ ಮೊದಲ ಸಲ ಪಗಾರ ತಗೊಂಡ ಮನುಷ್ಯ. ಅಂಥಾವನಿಗೆ ಬಾಯಿ ಮುಚ್ಚು ಅನ್ನಾಕ ಯಾರಿಗೆ ಎದಿ ಅದ? ಭಾಷಣದ ವಿಷಯ ಮಾತ್ರ ಯಾವಾಗಲೂ ಒಂದೇ. "ಈ ಮೊಬೈಲ್ ಗೇಮ್ ಅದಾವಲ್ಲ, ಇವು ಮನುಷ್ಯಾನ ಹಾಳು ಮಾಡಾಕ ಹುಟ್ಟ್ಯಾವ! ನಾ ಇಲ್ಲೀತನಕ ಒಂದು ಗೇಮ್ ಮುಟ್ಟಿಲ್ಲ. ಹಿರಿಯರ ಮುಂದಂತೂ ಫೋನ್ ಕಿಸೆದಿಂದ ಹೊರಗ ತೆಗೆಯಂಗಿಲ್ಲ!" ಅಂತ ಎದಿ ತಟ್ಟಿ ಹೇಳಿದ್ರ, ಮುದುಕರು ಗೋಣು ಹಾಕ್ತಿದ್ರು, ಹುಡುಗರು ಹಿಂದ ಕುಂತು ಗೇಮ್ ಆಡ್ತಿದ್ರು.

ಹೊರಗ ಇಷ್ಟು ದೊಡ್ಡ ಮನುಷ್ಯ, ಮನಿಯಾಗ ಹೆಂಡತಿ ರಾಧಾನೇ ಅವನ ಮಾತು ಕೇಳ್ತಿರಲಿಲ್ಲ. ಪ್ರೈಮರಿ ಸಾಲಿ ಟೀಚರ್ ಆಕಿ. ಸಂಜಿಗೆ ಮನಿಗೆ ಬಂದು, ಚಹಾ ಕುಡಿದು, ಫೋನಿನಾಗ ಬಣ್ಣಬಣ್ಣದ ಗೋಲಿ ಒಡೆಯೋ ಆಟ ಆಡ್ತಿದ್ಳು. ಇಪ್ಪತ್ತು ನಿಮಿಷ ಅಂದ್ರ ಇಪ್ಪತ್ತೇ ನಿಮಿಷ. ಒಂದು ಐತಾರ ಬೂದೆಪ್ಪ ನಡುಮನಿಯಾಗ ನಿಂತು ಹುಕುಂ ಹೊರಡಿಸಿದ.

"ರಾಧಾ, ಇವತ್ತಿಂದ ಈ ಮನಿಯಾಗ ಗೇಮ್ ಬಂದ್!"

"ಯಾಕ್ರೀ? ಗೋಲಿ ನಿಮಗೇನು ಮಾಡ್ಯಾವ?"

"ಲೆಕ್ಕ ಹಾಕು! ದಿನಾ ಇಪ್ಪತ್ತು ನಿಮಿಷ ಅಂದ್ರ ವರ್ಷಕ್ಕ ಐದು ದಿನ! ಐದು ಹಗಲು, ಐದು ರಾತ್ರಿ ನೀ ಬರೇ ಗೋಲಿ ಒಡದಂಗ ಆತು!"

"ನೀವು ದಿನಾ ಎರಡು ತಾಸು ಟಿವಿಯಾಗ ಮಂದಿ ಜಗಳಾಡೂದು ನೋಡ್ತೀರಲ್ಲ, ಅದರ ಲೆಕ್ಕ ಹಾಕೀರೇನು? ವರ್ಷಕ್ಕ ಒಂದು ತಿಂಗಳಾತು!"

"ಅದು ಜ್ಞಾನ!"

"ನಲವತ್ತು ಮಕ್ಕಳ ಜೋಡಿ ಒದರಿ ಬಂದ ತಲಿಗೆ ಇದು ಆರಾಮ ಕೊಡ್ತದ್ರೀ. ಒಂದ್ಸಲನೂ ಆಡದೇ ಬೈತೀರಲ್ಲ, ಬಾಯಾಗ ತುತ್ತೇ ಇಡದೇ ಉಪ್ಪು ಹೆಚ್ಚಾಗ್ಯದ ಅಂದಂಗ ಆತು ನಿಮ್ಮದು."

ಮಾತು ನೆಟ್ಟಗ ಎದಿಗೇ ನಾಟ್ತು. ಬೂದೆಪ್ಪ ಆವೇಶ ಬಂದವರಂಗ ಕೈ ಎತ್ತಿ ಅಂದ: "ಹಂಗಾದ್ರ ಕೇಳು! ಎಂಟು ದಿನ ಗೇಮ್ ಆಡ್ತೀನಿ. ಒಂಬತ್ತನೇ ದಿನ ನಿನ್ನ ಕಣ್ಣ ಮುಂದ ಅಳಿಸಿ ಒಗೀತೀನಿ. ಮನಸು ಗಟ್ಟಿ ಇದ್ದವಗ ಗೇಮ್ ಏನೂ ಕಿಸಿಯಂಗಿಲ್ಲ ಅಂತ ತೋರಿಸ್ತೀನಿ!"

ಮರುದಿನ ಆಫೀಸಿನಾಗ ಕಂಪ್ಯೂಟರ್ ನೋಡಿಕೊಳ್ಳೋ ಮಿನಾಜ್ ಮೇಡಂ ಮುಂದ ಫೋನ್ ಇಟ್ಟ. "ಮೇಡಂ, ಇದರಾಗ ಒಂದು ಗೇಮ್ ಹಾಕಿಕೊಡ್ರಿ. ಬರೇ ಪರೀಕ್ಷೆ ಮಾಡಾಕ."

ಮಿನಾಜ್ ನಕ್ಕಳು. "ಸರ್, ನಿಮ್ಮ ಮನೆತನಕ್ಕ ತಕ್ಕ ಗೇಮೇ ಅದ, ತಡೀರಿ," ಅಂತ ಕುರಿ ಸಾಕೋ ಗೇಮ್ ಹಾಕಿಕೊಟ್ಟಳು.

ಅಷ್ಟೇ ನೋಡ್ರಿ! ಮುಗೀತು ಬೂದೆಪ್ಪನ ಕಥಿ!

ಗೇಮಿನಾಗ ಒಂದು ಹಸರು ಹೊಲ, ಒಂದು ಹಟ್ಟಿ, ಮೊದಲಿಗೆ ಎರಡೇ ಎರಡು ಕುರಿ. ಬೆರಳಿಂದ ಒತ್ತಿದ್ರ ಕುರಿ ಹುಲ್ಲು ತಿಂತದ, ಒತ್ತಿದ್ರ ನೀರು ಕುಡೀತದ, ಒತ್ತಿದ್ರ ಉಣ್ಣೆ ಕೊಡ್ತದ. ಉಣ್ಣೆ ಮಾರಿದ್ರ ಮತ್ತೊಂದು ಕುರಿ! ಒಂದೇ ಕರಾರು: ದಿನಾ ಸಂಜಿ ನಾಲ್ಕರಿಂದ ಐದರೊಳಗ ಹಟ್ಟಿ ಬಾಗಿಲಾ ಹಾಕಬೇಕು. ಹಾಕಲಿಲ್ಲಂದ್ರ ತೋಳ ಬರ್ತದ. ಬೂದೆಪ್ಪನ ಅಪ್ಪ ಅರವತ್ತು ವರ್ಷ ಬಿಸಲಾಗ ತಿರುಗಿ ಮಾಡಿದ ಕೆಲಸಾನ ಇವ ಫ್ಯಾನಿನ ಕೆಳಗ ಹೆಬ್ಬೆಟ್ಟಿನಿಂದ ಮಾಡಾಕ ಶುರು ಮಾಡಿದ! ಒಂದೊಂದು ಕುರಿಗೂ ಹೆಸರಿಟ್ಟ. ಎಲ್ಲಾರನ್ನೂ ಹಾಯೋ ಒಂದು ಸೊಕ್ಕಿನ ಟಗರಿಗೆ ತಮ್ಮ ಸಾಹೇಬರ ಹೆಸರೇ ಇಟ್ಟು, ದಿನಾ ಎರಡು ಸಲ ಅದರ ಉಣ್ಣೆ ಕತ್ತರಿಸಿ ತೃಪ್ತಿ ಪಟ್ಟ.

ಒಂಬತ್ತನೇ ದಿನ ರಾತ್ರಿ ಗೇಮ್ ಅಳಿಸಿದ, ರಾಧಾನ ಮುಂದ. ಹತ್ತನೇ ದಿನ ಮುಂಜಾನೆ ಮತ್ತ ಹಾಕ್ಕೊಂಡ, ರಾಧಾನ ಹಿಂದ. ಕುರಿ ಎಲ್ಲಾ ಹಂಗೇ ಕಾಯ್ಕೊಂಡು ನಿಂತಿದ್ದವು. ಬೂದೆಪ್ಪನ ಕಣ್ಣಾಗ ನೀರು ಬಂತು.

ಆಮ್ಯಾಲೆ ಒಂದೂವರೆ ತಿಂಗಳು ಅಂವಾ ಅನುಭವಿಸಿದ ಫಜೀತಿ ಕಳ್ಳರಿಗೂ ಬ್ಯಾಡ. ಮಾನ್ವಿ ಬಸ್ಸಿನಾಗ ಕಿಡಕಿ ಕಡೆ ಮಾರಿ ಮಾಡಿ ಹುಲ್ಲು ಹಾಕ್ತಿದ್ದ. ಮನಿಗೆ ಬಂದ ಕೂಡಲೇ ಬಚ್ಚಲಿಗೆ ಹೊಕ್ಕು ನೀರು ಕುಡಿಸ್ತಿದ್ದ. ಅರ್ಧ ತಾಸಾದ್ರೂ ಹೊರಗ ಬರಲಿಲ್ಲಂದ್ರ ರಾಧಾ ಬಾಗಿಲಾ ಬಡೀತಿದ್ಳು.

"ಹೊಟ್ಟಿ ಸರಿ ಇಲ್ಲೇನ್ರೀ?"

"ಹೂಂ... ಸ್ವಲ್ಪ ಗಡಬಡ!"

ಪಾಪ, ಆಕಿ ಹದಿನೈದು ದಿನ ಅವಗ ಬರೇ ಮಜ್ಜಿಗಿ-ಅನ್ನ ಹಾಕಿದ್ಳು. ಖಡಕ್ ರೊಟ್ಟಿ, ಪುಂಡಿಪಲ್ಯ ಕಣ್ಣ ಮುಂದೇ ಇದ್ರೂ ಮುಟ್ಟಂಗಿಲ್ಲ. ಅದನ್ನೂ ಸಹಿಸಿಕೊಂಡ ಮಹಾನುಭಾವ! ಹಟ್ಟಿ ಬೆಳೆದು ನಲವತ್ತೊಂದು ಕುರಿ ಆದವು.

ಅದೇ ಹೊತ್ತಿಗೆ ಎರಡನೇ ಶನಿವಾರ ಬಂತು. ರಾಧಾ ಗಿಲ್ಲೆಸುಗೂರಿಗೆ ತವರಮನಿಗೆ ಹೋದ್ಳು. ಬೂದೆಪ್ಪ ಲಗ್ನ ಮಾಡಿಕೊಟ್ಟ ಮಗಳನ್ನ ಮಾತಾಡಿಸಿ ಬರೋಣಂತ ದೇವದುರ್ಗಕ್ಕ ಹೋದ. ಊಟ ಆತು. ಬೀಗರು ಎದುರಿಗೇ ಕುರ್ಚಿ ಹಾಕ್ಕೊಂಡು ಕುಂತ್ರು, ಮಗ್ಗಲ ಮನಿ ಹಿರಿಯರನ್ನೂ ಕರೆದ್ರು.

"ನೋಡ್ರಿ, ಇವರೇ ನಮ್ಮ ಬೀಗರು. ಫೋನ್ ಕಿಸೆದಾಗ ಇದ್ರೂ ಹಿರಿಯರ ಮುಂದ ತೆಗೆಯಂಗಿಲ್ಲ! ಇಂಥಾ ಮಂದಿ ಈಗ ಎಲ್ಲಿ ಸಿಗ್ತಾರ? ಬೀಗರ, ಆ ಲಗ್ನದಾಗ ಹೇಳಿದ್ದು ಇವರಿಗೂ ಒಂದಿಷ್ಟು ಹೇಳ್ರಿ."

ಬೂದೆಪ್ಪ ಉಬ್ಬಿ ಶುರು ಹಚ್ಚಿದ. ಗೋಡಿ ಗಡಿಯಾರದಾಗ ನಾಲ್ಕು ಹೊಡೀತು. ಕಿಸೆದಾಗ ಫೋನ್ "ಮ್ಯಾಽಽ" ಅಂತು.

"ಏನ್ರೀ ಬೀಗರ, ಕುರಿ ಒದರಿದಂಗ ಆತಲ್ಲ?"

"ನಿಮ್ಮ ಹಿತ್ತಲದಾಗ ಇರಬೇಕ್ರೀ."

"ನಮ್ಮ ಹಿತ್ತಲದಾಗ ಬೈಕ್ ಬಿಟ್ರ ಏನೂ ಇಲ್ರೀ!"

"ಮ್ಯಾಽಽ... ಮ್ಯಾಽಽ..." ಬೂದೆಪ್ಪ ಕೆಮ್ಮಿದ. ಮತ್ತ ಒದರಿದ್ರ ಇನ್ನೂ ಜೋರಾಗಿ ಕೆಮ್ಮಿದ. ಬೀಗರು ಗಾಬರಿ ಆಗಿ ಬಿಸಿನೀರು ತರಿಸಿದ್ರು, ಬೆನ್ನು ತಿಕ್ಕಿದ್ರು, ಮಗಳು ಹಾಲಿಗೆ ಅರಿಷಿಣ ಹಾಕಿ ತಂದಳು. ಪಾಯಖಾನಿಗೆ ಹೋಗ್ತೀನಿ ಅಂದ್ರ ಮಗ್ಗಲ ಮನಿ ಹಿರಿಯರು ಒಳಗ ಹೋಗ್ಯಾರ, ಹೊರಗ ಬರವಲ್ರು! ನಾಲ್ಕೂವರೆ ಆತು, ಮುಕ್ಕಾಲಾತು, ಐದಾತು. ಕಿಸೆದಾಗಿನ ಕುರಿ ಸುಮ್ಮನಾದವು.

ಬಸ್ ಹತ್ತಿ ಫೋನ್ ತೆಗೆದು ನೋಡ್ತಾನ, ಹಟ್ಟಿ ಬಯಲಾಗ್ಯದ. ಹೊಲದ ನಡುವ ಒಂದು ಕೆಂಪು ತೋಳ ಹೊಟ್ಟಿ ಸವರಿಕೊಳ್ಳಾಕತ್ತದ!

ರಾಯಚೂರಿನ ಮನಿಗೆ ಬಂದು ಬಾಗಲಾಗೇ ಕುಸಿದು ಕುಂತ. ಅವರವ್ವ ಬಂಡೆಮ್ಮ ಅಕ್ಕಿ ಹಸನ ಮಾಡಾಕತ್ತಿದ್ಳು. ಮಗನ ಮಾರಿ ನೋಡಿ ಮೊರ ಕೆಳಗಿಟ್ಟಳು.

"ಯಾಕೋ ಯಪ್ಪಾ, ಏನಾತೋ?"

"ಯವ್ವಾ... ಹೋದವು. ನಲವತ್ತೊಂದು ಕುರಿ! ಒಂದೂ ಉಳೀಲಿಲ್ಲ. ತೋಳ ತಿಂತು," ಅಂದು ಸಣ್ಣ ಹುಡುಗರಂಗ ಬಿಕ್ಕಿದ. ಖರೇನೇ ಬಿಕ್ಕಿದ್ರೀ! ಊಟ ಬ್ಯಾಡ ಅಂದು, ಮುಸುಕು ಹಾಕಿ ಮಲಗಿಬಿಟ್ಟ.

ಇಲ್ಲಿ ಒಂದು ಮಾತು ಹೇಳಬೇಕು. ಬೂದೆಪ್ಪಗ ಖರೇ ಕುರಿನೂ ಇದ್ದವು. ನೌಕರಿ ಸೇರಿದ ಮ್ಯಾಲೆ ತನ್ನ ಹನ್ನೊಂದು ಕುರಿ ಗುಂಜಹಳ್ಳಿಯ ಚಿಗಪ್ಪನ ಮಗ ಗುರುಸಿದ್ದನ ಹಿಂಡಿನಾಗ ಪಾಲಿಗೆ ಬಿಟ್ಟಿದ್ದ. ಗುರುಸಿದ್ದ ಆ ಹಿಂಡು ಹೊಡಕೊಂಡು ಊರೂರು ತಿರುಗತಿದ್ದ. ಬಂಡೆಮ್ಮಗ ಫೋನಿನಾಗ ಕುರಿ ಸಾಯ್ತಾವ ಅನ್ನೋದು ಹೆಂಗ ಗೊತ್ತಾಗಬೇಕು? ಹಿಂಡಿಗೆ ಹಿಂಡೇ ಹೋತು ಅಂತ ತಿಳಿದ್ಳು. ಗುರುಸಿದ್ದಗ ಫೋನ್ ಹಚ್ಚಿದ್ಳು, ಸ್ವಿಚ್ ಆಫ್. ಹೊಲದಾಗ ಬಿಡಾರ ಹೂಡಿದವಗ ಚಾರ್ಜ್ ಎಲ್ಲಿಂದ ಬರಬೇಕು? ಆಕಿ ಎದಿ ಒಡೀತು. ಮಟಮಾರಿಯ ಅಣ್ಣ ಕನಕರಾಯಗ ಫೋನ್ ಹಚ್ಚಿ ಅತ್ತಳು.

ಅವರ ಬಳಗದಾಗ ಒಂದು ಪದ್ಧತಿ ಅದ. ಯಾರ ಹಿಂಡು ತೋಳಕ್ಕೋ ಬ್ಯಾನಿಗೋ ಹೋತು ಅಂದ್ರ, ಮನಿಗೊಂದು ಮರಿ ಒಯ್ದು ಕೊಡಬೇಕು, ಮತ್ತ ಅವನ ಹಟ್ಟಿ ತುಂಬಿಸಬೇಕು. ಕಳಕೊಂಡವಗ ಮುಂಚೆ ಹೇಳಂಗಿಲ್ಲ. ಹೇಳಿ ಕೊಟ್ರ ಅದು ದಾನ, ಹೇಳದೇ ಕೊಟ್ರ ಬಳಗ ಅಂತಾರ. ಅದಕ್ಕೇ ಬಂಡೆಮ್ಮ ಮಗನಿಗೆ ತುಟಿ ಪಿಟಕ್ ಅನ್ನಲಿಲ್ಲ.

ಐತಾರ ಮುಂಜಾನೆ ಹತ್ತಕ್ಕ ಕೆಳಗಿನಿಂದ ಮನಿ ಮಾಲಕಿ ಸರ್ವರಿ ಬೇಗಂ ಅವರ ದನಿ ಕೇಳಿಸ್ತು. "ಅರೇ ಬೂದೆಪ್ಪ ಭಾಯಿ! ಬಕ್ರೀದ್ ನಮ್ಮದು, ಮರಿ ಯಾಕ ನಿಮ್ಮನಿಗೆ ಬರಾಕತ್ತಾವ್ರೀ?"

ಬೂದೆಪ್ಪ ಬಾಗಿಲಾ ತೆಗೆದ. ಮೆಟ್ಟಲದಾಗ ಸೋದರಮಾವ ಕನಕರಾಯ! ಹೆಗಲ ಮ್ಯಾಲೆ ಕಂಬಳಿ, ಕಂಬಳಿ ಮ್ಯಾಲೆ ಮರಿ. ಹಿಂದ ಗುಂಜಹಳ್ಳಿಯ ನಾಲ್ಕು ಮಂದಿ, ನಾಲ್ಕು ಮರಿ. ಒಬ್ಬೊಬ್ಬರೂ ಒಳಗ ಬಂದು ಮರಿ ಇಳಿಸಿ, ಅದರ ಹಣಿಗೆ ಭಂಡಾರದ ಅರಿಷಿಣ ಹಚ್ಚಿ, ಬೂದೆಪ್ಪನ ಬೆನ್ನ ಮ್ಯಾಲೆ ಕೈ ಇಟ್ಟು ಕುಂತ್ರು.

"ಮಾವಾ, ಏನಿದು?"

"ಏನೂ ಅನಬ್ಯಾಡ ಯಪ್ಪಾ. ಕುರಿ ಹೋದ್ರ ಬರ್ತಾವ. ಧೈರ್ಯ ಬಿಡಬ್ಯಾಡ. ನಾವದೀವಿ."

ಆವಾಗ ತಿಳೀತು ನೋಡ್ರಿ! ತೋಳ ತಿಂದಿದ್ದು ಖರೇ ಕುರಿ ಅಂತ ಬಳಗ ತಿಳಿದದ! ಈಗ ಹೇಳಬೇಕೋ ಬ್ಯಾಡೋ? ಹೇಳಿದ್ರ ಮಾನ ಹೋಗ್ತದ. ಇಷ್ಟು ವರ್ಷದ ಭಾಷಣ ಎಲ್ಲಾ ಒಮ್ಮೆಲೇ ತಿರುಗಿ ಮೈಮ್ಯಾಲೆ ಬೀಳ್ತಾವ. ಹೇಳಲಿಲ್ಲಂದ್ರ ಮಂದಿ ಮರಿ ಕದ್ದಂಗ ಆಗ್ತದ. ಅಂವಾ ವಿಚಾರ ಮಾಡೂದ್ರೊಳಗ ಒಂದು ಮರಿ ಕ್ಯಾಲೆಂಡರಿನ ಶ್ರಾವಣ ತಿಂದು ಭಾದ್ರಪದಕ್ಕ ಬಾಯಿ ಹಾಕಿತ್ತು. ಇನ್ನೊಂದು ಸೋಫಾ ಮ್ಯಾಲೆ ಹಿಕ್ಕಿ ಹಾಕಿ ಸುಖವಾಗಿ ಮಲಗಿತ್ತು.

ಕೆಳಗ ಆಟೋ ನಿಂತ ಸಪ್ಪಳ ಆತು. ರಾಧಾ! ತವರಮನಿಯವರು ಕೊಟ್ಟ ಮರಿನ ಮಡಿಲಾಗ ಇಟ್ಕೊಂಡು ಬಂದಿದ್ಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಇಷ್ಟು ದೊಡ್ಡ ದುಃಖ ನಿಮಗ ಆಗ್ಯದ, ನನಗ ಒಂದು ಫೋನ್ ಮಾಡಬಾರದೇನ್ರೀ? ನಾನು ಮೂಳಿ, ಗೋಲಿ ಆಟದ ಸಲುವಾಗಿ ನಿಮ್ಮ ಜೋಡಿ ಜಗಳಾ ತೆಗೆದೆ. ಅತ್ತಿ ಫೋನಿನಾಗ ಹೇಳಿದ ಕೂಡಲೇ ಆ ಗೇಮ್ ಅಳಿಸಿ ಒಗೆದೆ. ಇನ್ನ ಜನ್ಮದಾಗ ಆಡಂಗಿಲ್ಲ, ನಿಮ್ಮ ಆಣಿ!"

ಬೂದೆಪ್ಪ ಗೋಡಿ ಹಿಡಕೊಂಡ. ಬೈಸಿಕೊಂಡು ರೂಢಿ ಇದ್ದ ಗಂಡಗ ಹೆಂಡತಿ ಇಷ್ಟು ಪ್ರೀತಿ ಮಾಡಿದ್ರ ತಡಕೊಳ್ಳೂದು ಹೆಂಗ್ರೀ? ಅಷ್ಟಾದ್ರೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ. "ಹೋಗಲಿ ಬಿಡು," ಅಂತ ದೊಡ್ಡ ಮನಸು ಮಾಡಿದವರಂಗ ಅಂದ!

ಎಲ್ಲಾರಿಗಿಂತ ಹಿಂದ ಗದ್ದೆಮ್ಮ ಬಂದಳು. ಗುಂಜಹಳ್ಳಿಯಾಕಿ, ದೂರದ ಸಂಬಂಧದ ಚಿಗವ್ವ. ಗಂಡ ಇಲ್ಲ, ಹೊಲ ಇಲ್ಲ, ನಾಲ್ಕು ಕುರಿ ಆಕಿ ಆಸ್ತಿ. ಮೆಟ್ಟಲಾ ಹತ್ತಿ ಏದುಸಿರು ಬಿಡ್ಕೋತ ಬಗಲಾಗಿನ ಮರಿ ಇಳಿಸಿದ್ಳು.

"ತಗೋ ಯಪ್ಪಾ. ನಾಲ್ಕರಾಗ ಇದೇ ಚಲೋ ಅದ. ಬಡಕಲು ಕೊಟ್ರ ಹಟ್ಟಿ ತುಂಬಂಗಿಲ್ಲ ಅಂತ ಇದನ್ನೇ ತಂದೆ. ನೀ ಸಣ್ಣಾವಿದ್ದಾಗ ನಿಮ್ಮಪ್ಪ ನನಗ ಹಿಂಗೇ ಒಂದು ಮರಿ ತಂದು ಕೊಟ್ಟಿದ್ದ."

ಆ ಮರಿ ಬೂದೆಪ್ಪನ ಪೈಜಾಮ ಮೂಸಿ ನೋಡಿ, ಮಾರಿ ಮ್ಯಾಲೆತ್ತಿ ಒದರಿತು. ಇನ್ನ ತಡಿಯಾಕ ಆಗಲಿಲ್ಲ ಬೂದೆಪ್ಪಗ.

"ಚಿಗವ್ವಾ, ಒಯ್ಯಿ ಇದನ್ನ! ಎಲ್ಲಾರೂ ಒಯ್ರಿ! ನನ್ನ ಕುರಿ ಸತ್ತಿಲ್ಲ!"

"ಪಾಪ, ದುಃಖಕ್ಕ ತಲಿ ಕೆಟ್ಟದ," ಅಂದ್ಳು ಗದ್ದೆಮ್ಮ.

"ತಲಿ ಸರಿ ಅದ ಚಿಗವ್ವಾ! ಸತ್ತಿದ್ದು ಫೋನಿನಾಗಿನ ಕುರಿ! ಗೇಮ್ ಕುರಿ! ಒಂದೂವರೆ ತಿಂಗಳಿಂದ ಬಚ್ಚಲದಾಗ ಕುಂತು ಸಾಕಿದ ಕುರಿ! ಬೀಗರ ಮುಂದ ಫೋನ್ ತೆಗೆಯಾಕ ಆಗಲಿಲ್ಲ, ಹಟ್ಟಿ ಬಾಗಿಲಾ ಹಾಕಲಿಲ್ಲ, ತೋಳ ಬಂತು. ನಾ ಅತ್ತಿದ್ದು ಅದಕ್ಕ!"

ಮರಿನೂ ಕ್ಯಾಲೆಂಡರ್ ಅಗಿಯೂದು ನಿಲ್ಲಿಸಿತು. ಮೊದಲು ಬಾಯಿ ಬಿಟ್ಟಾಕಿ ರಾಧಾ.

"ಬಚ್ಚಲದಾಗ? ಹಂಗಾದ್ರ ಹೊಟ್ಟಿ ಗಡಬಡ...?"

"ಇರಲಿಲ್ಲ."

"ಹದಿನೈದು ದಿನ ಮಜ್ಜಿಗಿ-ಅನ್ನ ಕಲಸಿ ಹಾಕಿದೆನಲ್ರೀ ನಾನು! ಏಳುನೂರಾ ಹನ್ನೆರಡನೇ ಮೆಟ್ಟಲಾ ಹತ್ತಿದ ಗೋಲಿ ಆಟ ಅಳಿಸಿ ಒಗೆದೆನಲ್ರೀ!"

ಬಂಡೆಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡ್ಳು. "ನಿನ್ನಿ ಸಂಜಿಯಿಂದ ಒಂದು ತುತ್ತು ಬಾಯಾಗ ಹಾಕಿಲ್ಲಲ್ಲೋ ನಾನು, ನಿನ್ನ ಸಲುವಾಗಿ."

ಬೂದೆಪ್ಪಗ ನೆಲ ಬಾಯಿ ಬಿಟ್ರ ಒಳಗ ಹೋಗಿ ಮಲಗಬೇಕು ಅನಸ್ತು. ಕನಕರಾಯ ಕೈ ಚಾಚಿದ. "ಎಲ್ಲದೋ ಆ ಫೋನು? ಕೊಡು ಇಲ್ಲಿ." ಚಸ್ಮಾ ಏರಿಸಿ, ಫೋನ್ ಹಿಂದ ಮುಂದ ಹಿಡಿದು ನೋಡಿದ. "ಇಷ್ಟಽ ಇಷ್ಟು ತೋಳ ಏನೋ! ಇದು ನಲವತ್ತೊಂದು ಕುರಿ ತಿಂತದೇನು?" ಅಂದು ಗೊಳ್ಳಂತ ನಕ್ಕ. ಅವನ ಹಿಂದ ಇಡೀ ಬಳಗ ನಕ್ಕಿತು. ಗದ್ದೆಮ್ಮ ಅಂತೂ ನೆಲಕ್ಕ ಕುಂತು, ಹೊಟ್ಟಿ ಹಿಡಕೊಂಡು ನಕ್ಕಳು.

"ಮಾವಾ, ಬೈರಿ ನನಗ. ಆಟ ಆಡೂದು ಹಾಳು ಅಂತ ಊರೂರಿಗೆ ಹೇಳಿ, ನಾನೇ ಹಾಳಾದೆ," ಅಂದ ಬೂದೆಪ್ಪ.

"ಆಟ ಯಾಕ ಹಾಳೋ? ನಿಮ್ಮಪ್ಪ, ನಾನು ಬಂಡೆಗಲ್ಲಿನ ಮ್ಯಾಲೆ ಆಟದ ಮನಿ ಕೊರೆದು ದಿನಗಟ್ಟಲೆ ಹುಲಿ-ಕುರಿ ಆಟ ಆಡೀವಿ. ಬಿಸಲು ಇಳೀತಿತ್ತು, ಮನಸು ಹಗುರ ಆಗ್ತಿತ್ತು. ನಿನ್ನ ಹೆಂಡತಿ ಗೋಲಿ ಒಡೀತಾಳಲ್ಲ, ಅದೂ ಹಂಗೇ. ಆದ್ರ ಕಲ್ಲಿನ ಮ್ಯಾಲಿನ ಕುರಿ ನಡೆಸೂ ಮುಂದ ನಮ್ಮ ಒಂದು ಕಣ್ಣು ಖರೇ ಕುರಿ ಮ್ಯಾಲೆ ಇರ್ತಿತ್ತು. ನಿನ್ನ ಎರಡೂ ಕಣ್ಣು ಎಲ್ಲಿದ್ದವೋ?"

ರಾಧಾ ಕನಕರಾಯನ ಕಾಲಿಗೆ ಬೀಳೂದೊಂದೇ ಬಾಕಿ! "ಕೇಳಿದ್ರೇನ್ರೀ?" ಅಂತ ಗಂಡನ ಕಡೆ ನೋಡಿದ್ಳು. ಗಂಡ ನೆಲದ ಫರಸಿ ನೋಡಾಕತ್ತಿದ್ದ.

ಅಷ್ಟರಾಗ ಮೆಟ್ಟಲದಾಗ ದಡದಡ ಸಪ್ಪಳ. ಗುರುಸಿದ್ದ! ಮೈತುಂಬ ಧೂಳು, ಎದಿಗೆ ಅವಚಿಕೊಂಡ ಒಂದು ಎಳೇ ಮರಿ. ಬಾಗಲಾಗೇ ನಿಂತ, ಒಳಗ ಬರಲಿಲ್ಲ. ಮಾರಿ ಮ್ಯಾಲೆ ಸಿಟ್ಟು, ದುಃಖ ಎರಡೂ ಇದ್ದವು.

"ಅಣ್ಣಾ, ಹೋಟೆಲಿನಾಗ ಫೋನ್ ಚಾರ್ಜಿಗಿಟ್ಟು ನೋಡಿದ್ರ ದೊಡ್ಡವ್ವನ ಫೋನ್ ಇಪ್ಪತ್ತು ಬಂದಾವ. ತಿರುಗಿ ಹಚ್ಚಿದ್ರ ಎತ್ತಲಿಲ್ಲ. ಮಟಮಾರಿಗೆ ಮಾವನ ಮನಿಗೆ ಹಚ್ಚಿದೆ, ನಿನ್ನ ನಲವತ್ತೊಂದು ಕುರಿ ತೋಳ ತಿಂತು ಅಂದ್ರು. ಪದ್ಧತಿ ಬಿಡಬಾರದು ಅಂತ ಮರಿ ತಂದೀನಿ. ಆದ್ರ ಒಂದು ಮಾತು ಕೇಳ್ತೀನಿ. ನಾನೇನು ಕಮ್ಮಿ ಮಾಡಿದ್ದೆ? ನನಗ ಹೇಳದೇ ಬ್ಯಾರೆ ಯಾರ ಹತ್ರ ಅಷ್ಟು ಕುರಿ ಬಿಟ್ಟಿದ್ದಿ?"

"ಬ್ಯಾರೆ ಯಾರ ಹತ್ರನೂ ಇಲ್ಲೋ ತಮ್ಮಾ! ನನ್ನ ಕುರಿ ನಿನ್ನ ಹತ್ರ ಇದ್ದವು ಅಷ್ಟೇ. ಹನ್ನೊಂದು."

"ಹನ್ನೊಂದಲ್ಲ, ಹದಿನಾಲ್ಕು. ಮೂರು ಮರಿ ಹಾಕಿ ಒಂದು ತಿಂಗಳಾತು. ಅವತ್ತೇ ಹೇಳಬೇಕಂತ ನಾಲ್ಕು ಸಲ ನಿನಗ ಫೋನ್ ಹಚ್ಚಿದೆ. ನಾಲ್ಕೂ ಸಲ ನೀ ಏನಂದಿ? 'ಈಗ ಕುರಿಗೆ ನೀರು ಕುಡಸಾಕತ್ತೀನಿ, ಆಮ್ಯಾಲೆ ಮಾಡು' ಅಂದು ಇಟ್ಟುಬಿಟ್ಟಿ. ನಂದು ನಿನಗ ಬ್ಯಾಡಾಗ್ಯದ, ನೀನೇ ಎಲ್ಲೋ ಹೊಸಾ ಹಿಂಡು ಕಟ್ಟೀದಿ ಅಂತ ನಾ ತಿಳಕೊಂಡೆ."

ಈ ಸಲ ಯಾರೂ ನಗಲಿಲ್ಲ. ಬೂದೆಪ್ಪ ಎದ್ದು ಬಾಗಲಿಗೆ ಹೋದ. "ತಪ್ಪಾತೋ ಗುರುಸಿದ್ದಾ," ಅಂದು ತಮ್ಮನ ತೋಳು ಹಿಡಿದು ಒಳಗ ಕರಕೊಂಡ. "ಈ ಮರಿ ಯಾರದು?"

"ನಿಂದೇ. ಮೂರರಾಗ ಸಣ್ಣದು. ಮುಂಜಾನಿಂದ ಹಾಲು ಕುಡಿದಿಲ್ಲ."

ರಾಧಾ ಒಳಗಿಂದ ಬಾಟಲಿಯಾಗ ಹಾಲು ತುಂಬಿಸಿ ತಂದು ಗಂಡನ ಕೈಯಾಗ ಇಟ್ಟಳು. ಇಡೀ ಬಳಗ ಕಣ್ಣು ಅಗಲ ಮಾಡಿ ನೋಡಾಕತ್ತಿತು. ಬೂದೆಪ್ಪ ಮರಿನ ತೊಡಿ ಮ್ಯಾಲೆ ಕೂಡಿಸಿಕೊಂಡ. ಎಡಗೈಯಾಗ ಬಾಟಲಿ ಹಂಗೇ ಹಿಡಕೊಂಡು, ಬಲಗೈ ಹೆಬ್ಬೆಟ್ಟಿನಿಂದ ಮರಿ ಹಣಿಗೆ ಒಮ್ಮೆ ಒತ್ತಿದ. ಸ್ವಲ್ಪ ತಡೆದು, ಮತ್ತೊಮ್ಮೆ ಒತ್ತಿದ.

ಬಂಡೆಮ್ಮ ಹಣಿ ಬಡಕೊಂಡ್ಳು. "ಒತ್ತಿದ್ರ ಕುಡಿಯಂಗಿಲ್ಲೋ ಯಪ್ಪಾ ಅದು! ಬಾಯಿಗೆ ಹಿಡಿ, ಬಾಯಿಗೆ!"